ಉಸಿರು ಕಟ್ಟಿದ ಫಟಫಟಿ

ಸಾಂಗ್ಲಿಯ ಗಾವಭಾಗದಲ್ಲಿರುವ ನನ್ನ ಸೋದರಮಾವನ ಮನೆಯ ಗೋಡೆಯ ಮೇಲೆ, ಎದೆಮಟ್ಟಕ್ಕಿಂತ ಸ್ವಲ್ಪ ಎತ್ತರದಲ್ಲಿ, ಒಂದು ಕಂದು ಗೆರೆ ಇದೆ. ಎರಡು ಸಲ ಸುಣ್ಣ ಬಳಿದರೂ ಮತ್ತೆ ಮೂಡಿದೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಬಂದು ನಿಂತ ಮಟ್ಟ ಅದು. ಆಯರ್ವಿನ್ ಸೇತುವೆಯ ಹತ್ತಿರ ಅಪಾಯದ ಮಟ್ಟ 45 ಅಡಿ; ಆ ಸಲ ನೀರು 57 ಅಡಿ ದಾಟಿತ್ತು. ಮನೆಮಂದಿಯನ್ನು ದೋಣಿಯಲ್ಲಿ ಕರೆತಂದು ವಿಶ್ರಾಮಬಾಗದ ನೆಂಟರ ಮನೆಗೆ ಮುಟ್ಟಿಸಿದರು. ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಅಜ್ಜನ ಫಟಫಟಿಯ ನೆನಪು ಆಗ ಯಾರಿಗೂ ಇರಲಿಲ್ಲ. ಐದಾರು ದಿನ ಅದು ನೀರಿನಡಿಯಲ್ಲೇ ಇತ್ತು.

ಆ ಫಟಫಟಿ 1951ರ ಬಿಎಸ್‌ಎ ಬ್ಯಾಂಟಮ್, ಡಿ-1 ಎಂಬ ಮೊದಲ ಮಾದರಿ. 123 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಮೂರು ಗೇರು, ತೂಕ ಸುಮಾರು 70 ಕಿಲೋ. ಇಬ್ಬರು ಗಟ್ಟಿಗರು ಎತ್ತಿ ಕಟ್ಟೆಯ ಮೇಲೆ ಇಡಬಹುದಾದಷ್ಟು ಹಗುರ. ಬ್ಯಾಂಟಮ್ ಎಂದರೆ ಗಿಡ್ಡ ಜಾತಿಯ ಕೋಳಿ. ಟ್ಯಾಂಕಿನ ಮೇಲೆ ಹುಂಜದ ಚಿತ್ರವಿತ್ತು. ನಾವು ಮೊಮ್ಮಕ್ಕಳು ಅದನ್ನು ‘ಹುಂಜದ ಗಾಡಿ’ ಎಂದೇ ಕರೆಯುತ್ತಿದ್ದೆವು. ಅಜ್ಜ ಅರಿಷಿಣದ ಅಡತಿ ಅಂಗಡಿ ಇಟ್ಟಿದ್ದ. ಹರಿಪುರದ ಹಗೇವುಗಳಲ್ಲಿ ಅರಿಷಿಣ ತುಂಬಿಸುವುದು, ಧಾರಣೆ ನೋಡಿ ತೆಗೆಸುವುದು, ಶೇಡಬಾಳ, ಉಗಾರ, ಅಥಣಿ ಕಡೆಯ ರೈತರ ಮನೆಗೇ ಹೋಗಿ ಲೆಕ್ಕ ಚುಕ್ತಾ ಮಾಡಿ ಬರುವುದು, ಇಷ್ಟೂ ಓಡಾಟ ಇಪ್ಪತ್ತೈದು ವರ್ಷ ಈ ಗಾಡಿಯ ಮೇಲೆಯೇ ಆಯಿತು. ಒಂದು ದಿನ ಕಿಕ್ ಹೊಡೆದರೆ ಗಾಡಿ ಎತ್ತಿಕೊಳ್ಳಲಿಲ್ಲ. ಅಜ್ಜನ ಮೊಣಕಾಲೂ ಅಷ್ಟರಲ್ಲಿ ಸೋತಿತ್ತು. ಗಾಡಿ ಶೆಡ್ಡು ಸೇರಿತು. ಹರಿಪುರದ ಹಗೇವುಗಳು 2005ರ ಮಹಾಪೂರದಲ್ಲಿ ಹಾಳಾದವು. ಅಜ್ಜನ ಕಾಲದ ಆ ವ್ಯಾಪಾರದ್ದೆಂದು ನಮ್ಮ ಕೈಯಲ್ಲಿ ಉಳಿದದ್ದು ಈ ಗಾಡಿ ಒಂದೇ.

ಮಹಾಪೂರ ಇಳಿದ ಮೇಲೆ ಅದನ್ನು ನೋಡಿದ ಮೊದಲ ಮೆಕ್ಯಾನಿಕ್ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ. ಎಂಜಿನ್ ಮುಗಿದಿದೆ, ಕಿತ್ತು ಹಾಕಿ ಬೇರೆ ಗಾಡಿಯ ಎಂಜಿನ್ ಕೂರಿಸಿ, ಇಲ್ಲವೇ ಗುಜರಿಗೆ ಕೊಡಿ. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ಈ ಅಂಕಣ ಬರೆಯಲು ಕಾರಣವೂ ಆ ಮಾತೇ. ಹತ್ತರಲ್ಲಿ ಒಂಬತ್ತು ಸಲ ಅದು ತಪ್ಪು ತೀರ್ಪು ಎಂದು ನಾನು ನಂಬಿದ್ದೇನೆ. ಹಾಗೇಕೆ ಎಂದು ವಿವರವಾಗಿ ಹೇಳುತ್ತೇನೆ.

ಅದಕ್ಕೂ ಮೊದಲು ಈ ಎಂಜಿನ್ನಿನ ಮೂಲ ತಿಳಿಯಬೇಕು. ಬ್ರಿಟಿಷ್ ಗಾಡಿ ಎನ್ನುತ್ತೇವೆ, ಹುಟ್ಟಿದ್ದು ಜರ್ಮನಿಯಲ್ಲಿ. 1939ರ ಹೊತ್ತಿಗೆ ಡಿಕೆಡಬ್ಲ್ಯೂ ಕಂಪನಿ ಹೊರತಂದ ಆರ್‌ಟಿ-125 ಇದರ ಮೂಲ. ಯುದ್ಧದಲ್ಲಿ ಸೋತ ಜರ್ಮನಿಯಿಂದ ಪರಿಹಾರದ ಲೆಕ್ಕದಲ್ಲಿ ಅದರ ನಕ್ಷೆಗಳು ಗೆದ್ದವರ ಪಾಲಾದವು. ರಷ್ಯಾದಲ್ಲಿ ಅದೇ ಎಂಜಿನ್ ಮಾಸ್ಕ್ವಾ ಆಯಿತು, ಅಮೆರಿಕದಲ್ಲಿ ಹಾರ್ಲೆ-ಡೇವಿಡ್‌ಸನ್ ಕಂಪನಿಯ ಪುಟ್ಟ 125 ಆಯಿತು. ಜಪಾನಿನ ಯಮಹಾ 1955ರಲ್ಲಿ ತಂದ ತನ್ನ ಮೊಟ್ಟಮೊದಲ ಮೋಟಾರ್‌ಸೈಕಲ್ಲಿಗೂ ಇದೇ ಮಾದರಿ. ಬಿಎಸ್‌ಎ ಮಾತ್ರ ಆ ನಕ್ಷೆಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ತಿರುಗಿಸಿತು, ಏಕೆಂದರೆ ಗೇರು ಬಲಗಾಲಿಗೆ ಬರಬೇಕೆಂಬುದು ಇಂಗ್ಲಿಷರ ರೂಢಿ. 1948ರಲ್ಲಿ ಬ್ಯಾಂಟಮ್ ಬಂತು. 125, 150, 175 ಸಿಸಿ ಎಂದು ಬೆಳೆಯುತ್ತ 1971ರವರೆಗೆ ತಯಾರಾಯಿತು. ಪಟವರ್ಧನರ ಸಾಂಗ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದೂ 1948ರಲ್ಲೇ. ಅಜ್ಜನ ಹಳೇ ಕಾಗದಗಳಲ್ಲಿ ಜಿಲ್ಲೆಯ ಹೆಸರು ಇನ್ನೂ ದಕ್ಷಿಣ ಸಾತಾರಾ ಎಂದೇ ಇದೆ.

ಬಿಎಸ್‌ಎ ಎಂಬ ಮೂರಕ್ಷರದ ಪೂರ್ತಿ ಹೆಸರು ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಬಂದೂಕು ಮಾಡುವವರು ಕೂಡಿ ಕಟ್ಟಿದ ಕಂಪನಿ ಅದು. ಬಂದೂಕಿನ ಕೆಲಸ ಕಡಿಮೆಯಾದಾಗ ಸೈಕಲ್ ಮಾಡಿದರು, ಆಮೇಲೆ ಮೋಟಾರ್‌ಸೈಕಲ್. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮಿರಜ ನೆನಪಾಗುತ್ತದೆ. ಮಿರಜದ ಸಿತಾರ್, ತಂಬೂರಿ ಲೋಕಕ್ಕೆಲ್ಲ ಗೊತ್ತು. ಆ ಕಸುಬು ಆರಂಭಿಸಿದ ಫರೀದ್ ಸಾಹೇಬರು ಶಿಕಲಗಾರ ಮನೆತನದವರು, ಅಂದರೆ ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿಯುವವರು. ಹತ್ತೊಂಬತ್ತನೇ ಶತಮಾನದ ನಡುವಿಗೆ ಕತ್ತಿಯ ಕಾಲ ಮುಗಿಯಿತು. ಕೈಯಲ್ಲಿದ್ದ ಹದವನ್ನು ಅವರು ಮುರಿದ ವಾದ್ಯಗಳ ದುರಸ್ತಿಗೆ ಹಚ್ಚಿದರು. ದುರಸ್ತಿ ಮಾಡುತ್ತ ಮಾಡುತ್ತ ಹೊಸ ವಾದ್ಯ ಮಾಡುವುದನ್ನೂ ಕಲಿತರು. ಇತ್ತ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು, 1910ರಲ್ಲಿ ಇದೇ ಸಾಂಗ್ಲಿ ಸೀಮೆಗೆ ಬಂದು ಕಿರ್ಲೋಸ್ಕರವಾಡಿ ಕಟ್ಟಿದರು. ದುರಸ್ತಿಯನ್ನು ಕೀಳು ಕೆಲಸವೆಂದು ನೋಡದ ನಾಡು ಇದು. ಇಂಥ ಊರಿನಲ್ಲಿ 123 ಸಿಸಿಯ ಒಂದು ಎಂಜಿನ್ ರಿಪೇರಿಯಾಗುವುದಿಲ್ಲ ಎಂದರೆ ನನಗೆ ಒಪ್ಪಲಾಗಲಿಲ್ಲ.

ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಮಿರಜಕ್ಕೆ ತಂದೆ. ರೈಲ್ವೆ ಸ್ಟೇಶನ್ನಿನ ಕಡೆ ಒಬ್ಬ ಹಿರಿಯ ಮಿಸ್ತ್ರಿ ಇದ್ದಾರೆ. ಎಪ್ಪತ್ತೈದು ದಾಟಿದ ಜೀವ. ಎಲ್ಲರೂ ಚಾಚಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ಕಿಕ್ಕರ್ ಮೇಲೆ ಕಾಲಿಡಲೇ ಇಲ್ಲ. ಪ್ಲಗ್ ಬಿಚ್ಚಿ, ಆ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಗಾಡಿಯನ್ನು ಗೇರಿನಲ್ಲಿಟ್ಟು ಇನ್ನೊಂದು ಕೈಯಿಂದ ಹಿಂದಿನ ಗಾಲಿಯನ್ನು ಅರ್ಧ ಇಂಚು ಅಲುಗಾಡಿಸಿ ನೋಡಿದರು. ಪಿಸ್ಟನ್ ಹಿಡಿದುಕೊಂಡಿರಲಿಲ್ಲ.

“ಸರ, ಇಂಜಿನ್ ಸತ್ತಿಲ್ರೀ. ಇದಕ್ಕ ಉಸಿರು ಹಾಕಾಕ ಬರವಲ್ದು, ಅಷ್ಟ,” ಎಂದರು.

ಟೂ-ಸ್ಟ್ರೋಕ್ ರಿಪೇರಿಯ ಸಾರವೆಲ್ಲ ಆ ಮಾತಿನಲ್ಲಿತ್ತು. ಫೋರ್-ಸ್ಟ್ರೋಕ್ ಗಾಡಿಯಲ್ಲಿ ಪಿಸ್ಟನ್ನಿನ ಕೆಳಗಿನ ಕೋಣೆಗೆ ಎಣ್ಣೆಯ ಕೆಲಸವಷ್ಟೇ. ಟೂ-ಸ್ಟ್ರೋಕಿನಲ್ಲಿ ಅದು ಕಮ್ಮಾರನ ತಿದಿ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕೋಣೆಯಲ್ಲಿ ಎಳೆತ ಹುಟ್ಟಿ ಕಾರ್ಬರೇಟರಿನಿಂದ ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತದೆ. ಪಿಸ್ಟನ್ ಇಳಿದಾಗ ಆ ಗಾಳಿ ಒತ್ತಿಕೊಂಡು, ಸಿಲಿಂಡರಿನ ಪಕ್ಕದ ಕಾಲುವೆಗಳಿಂದ ಮೇಲಕ್ಕೆ ನುಗ್ಗುತ್ತದೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಬಾಗಿಲು ತೆರೆಯುವುದೂ ಮುಚ್ಚುವುದೂ ಪಿಸ್ಟನ್ನೇ. ತಿದಿಯ ಚರ್ಮಕ್ಕೆ ತೂತು ಬಿದ್ದರೆ ಕುಲುಮೆಗೆ ಎಷ್ಟು ಒಳ್ಳೆಯ ಇದ್ದಿಲು ಹಾಕಿದರೂ ಬೆಂಕಿ ಏಳುವುದಿಲ್ಲ. ಇಲ್ಲೂ ಹಾಗೆಯೇ. ಹೊಸ ಪ್ಲಗ್, ಹೊಸ ಪಿಸ್ಟನ್, ತೊಳೆದ ಕಾರ್ಬರೇಟರ್ ಎಲ್ಲ ಇದ್ದೂ, ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲುಗಳು ಸೋರಿದರೆ ಗಾಡಿ ಹತ್ತು ಕಿಕ್ಕಿಗೂ ಏಳದು, ಎದ್ದರೂ ನಿಲ್ಲದು.

ಯಾವ ಸೀಲು ಹೋಗಿದೆ ಎಂಬುದನ್ನು ಎಂಜಿನ್ ತಾನೇ ಹೇಳುತ್ತದೆ. ಪ್ರೈಮರಿ ಚೈನಿನ ಕಡೆಯ ಸೀಲು ಹೋದರೆ ಅತ್ತಲಿನ ಎಣ್ಣೆಯನ್ನು ತಿದಿ ಎಳೆದುಕೊಂಡು ಸುಡುತ್ತದೆ. ದಟ್ಟ ನೀಲಿ ಹೊಗೆ ಬರುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಗೇರ್‌ಬಾಕ್ಸಿನ ಎಣ್ಣೆ ಕಾರಣವಿಲ್ಲದೆ ಇಳಿಯುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಹೊರಗಿನ ಬರೀ ಗಾಳಿ ಒಳಗೆ ಹೋಗುತ್ತದೆ. ಆಗ ಗಾಡಿ ತಾನಾಗಿಯೇ ರೇಸ್ ಏರಿಸುತ್ತದೆ, ಪ್ಲಗ್ಗಿನ ತುದಿ ಬೆಳ್ಳಗಾಗುತ್ತದೆ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಎರಡನೆಯದೇ ಹೆಚ್ಚು ಅಪಾಯದ್ದು, ಏಕೆಂದರೆ ಸೀಜ್ ಆಗುವ ಮುನ್ನ ಗಾಡಿ ಸ್ವಲ್ಪ ದೂರ ಬಹಳ ಚೆನ್ನಾಗಿ ಓಡುತ್ತದೆ.

ನಮ್ಮದರಲ್ಲಿ ಎರಡೂ ಸೀಲು ಕಲ್ಲಿನಂತೆ ಗಟ್ಟಿಯಾಗಿದ್ದವು. ಎಂಜಿನ್ ಬಿಚ್ಚಿದ ದಿನವನ್ನು ನಾನು ಮರೆಯುವುದಿಲ್ಲ. ಸಿಲಿಂಡರನ್ನು ಮೆಲ್ಲಗೆ ಮೇಲಕ್ಕೆತ್ತಿದಾಗ ಕೆಳಗಿನ ಕೋಣೆಯಲ್ಲಿ ಕೃಷ್ಣೆಯ ರಾಡಿ ಕೂತಿತ್ತು. ಕಪ್ಪು, ನುಣುಪು, ಮೈದಾಹಿಟ್ಟಿಗಿಂತ ಸಣ್ಣ. ಬೆರಳುಗಳ ನಡುವೆ ಉಜ್ಜಿದರೆ ಏನೂ ಇಲ್ಲ ಎನಿಸುತ್ತದೆ, ಹಲ್ಲಿನ ನಡುವೆ ಇಟ್ಟರೆ ಕರಕರ ಎನ್ನುತ್ತದೆ. ಚಾಚಾ ಹಾಗೆ ಹಲ್ಲಿಗೆ ಇಟ್ಟೇ ನೋಡಿದರು. ಆ ಕರಕರ ಬಿಗ್‌ಎಂಡ್ ರೋಲರುಗಳ ನಡುವೆ ಒಂದು ನಿಮಿಷ ತಿರುಗಿದ್ದರೆ ಸಾಕಿತ್ತು, ಅರವತ್ತೆಂಟು ವರ್ಷ ಬಾಳಿದ ಕ್ರ್ಯಾಂಕ್ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕೇ ಅವರು ಕಿಕ್ ಮುಟ್ಟಿರಲಿಲ್ಲ. ಡೀಸೆಲಿನಲ್ಲಿ ಮೂರು ಸಲ, ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದು, ಪ್ರತಿ ಸಲವೂ ತಳದಲ್ಲಿ ನಿಂತದ್ದನ್ನು ಬಿಳಿ ಬಟ್ಟೆಯಲ್ಲಿ ಸೋಸಿದೆವು. ಬಟ್ಟೆ ಬಿಳಿಯಾಗಿಯೇ ಉಳಿಯುವತನಕ ಮುಂದಿನ ಕೆಲಸಕ್ಕೆ ಕೈಹಾಕಲಿಲ್ಲ. ಬಿಗ್‌ಎಂಡ್ ಉಳಿದಿತ್ತು. ಮೇನ್ ಬೇರಿಂಗುಗಳು ತುಕ್ಕು ಹಿಡಿದಿದ್ದವು.

ಬಿಡಿಭಾಗ ಸಿಗುವುದಿಲ್ಲ ಎಂಬ ಭಯ ಇಲ್ಲಿಂದಲೇ ಶುರುವಾಗುತ್ತದೆ. ಆ ಭಯದಲ್ಲಿ ಅರ್ಧ ಸುಳ್ಳಿದೆ. ಸೀಲು ಮತ್ತು ಬೇರಿಂಗುಗಳಿಗೆ ಗಾಡಿಯ ಹೆಸರು ಬೇಕಿಲ್ಲ, ಅಳತೆ ಬೇಕು. ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರನ್ನು ವರ್ನಿಯರ್ ಹಿಡಿದು ಬರೆದುಕೊಂಡು ಹೋಗಿ. ಅಂಗಡಿಯವನಿಗೆ ‘ಬ್ಯಾಂಟಮ್ ಸೀಲು ಕೊಡಿ’ ಎಂದರೆ ತಲೆ ಅಲ್ಲಾಡಿಸುತ್ತಾನೆ; ಮೂರು ಅಂಕಿ ಹೇಳಿದರೆ ಹಿಂದೆ ತಿರುಗಿ ಡಬ್ಬಿ ಇಳಿಸುತ್ತಾನೆ. ಪಂಪ್‌ಸೆಟ್ಟುಗಳ ಊರಾದ ಸಾಂಗ್ಲಿಯಲ್ಲಿ ನಮಗೆ ಬೇಕಾದ ಸೀಲುಗಳು ಒಂದು ಮಧ್ಯಾಹ್ನದಲ್ಲಿ ಸಿಕ್ಕವು. ಹೊಸ ಸೀಲಿನ ರಬ್ಬರು ಹಳೆಯದಕ್ಕಿಂತ ಒಳ್ಳೆಯದು, ಇದನ್ನು ಹೇಳಲು ಸಂಕೋಚವಿಲ್ಲ.

ನಟ್ಟು ಬೋಲ್ಟುಗಳ ಮಾತು ಬೇರೆ. ಎಂಜಿನ್ನಿನ ಬೋರ್ 52 ಮಿಲಿಮೀಟರ್, ಸ್ಟ್ರೋಕ್ 58 ಮಿಲಿಮೀಟರ್, ಇದು ಜರ್ಮನ್ ಲೆಕ್ಕ. ಆದರೆ ನಟ್ಟುಗಳಿಗೆ ಬಿಎಸ್‌ಎ ತನ್ನ ಊರಿನ ಇಂಚಿನ ಥ್ರೆಡ್ಡನ್ನೇ ಹಾಕಿತು. ಅವುಗಳಿಗೆ ವಿಟ್‌ವರ್ತ್ ಪಾನಾ ಬೇಕು. ಈಗಿನ ಮಿಲಿಮೀಟರ್ ಪಾನಾ ಹತ್ತಿರಹತ್ತಿರ ಕೂತಂತೆ ಅನಿಸಿ, ಜೋರು ಹಾಕಿದ ಕೂಡಲೇ ನಟ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ಹಳೇ ಗಾಡಿಗಳ ಎಂಜಿನ್ ಹಾಳಾಗುವುದಕ್ಕಿಂತ ಮೊದಲು ಹಾಳಾಗುವುದು ಈ ನಟ್ಟುಗಳೇ. ಚಾಚಾ ಬಳಿ ಒಂದು ಸೆಟ್ ವಿಟ್‌ವರ್ತ್ ಪಾನಾಗಳಿವೆ, ಹಳೇ ಆಯಿಲ್ ಎಂಜಿನ್ ರಿಪೇರಿಯ ಕಾಲದವು. ನಿಮ್ಮ ಊರಿನಲ್ಲೂ ಹಳೆಯ ಪಂಪು ರಿಪೇರಿಯವರನ್ನು ಕೇಳಿ ನೋಡಿ. ಬೋಲ್ಟು ಹಾಳಾಗಿದ್ದರೆ ಲೇಥಿನಲ್ಲಿ ಹೊಸದು ಮಾಡಿಸಿ. ಎಂಜಿನ್ನಿನ ಅಲ್ಯುಮಿನಿಯಂ ಮೈಯಲ್ಲಿ ಮಿಲಿಮೀಟರ್ ಟ್ಯಾಪ್ ಹಾಕಿಸಬೇಡಿ. ಅದು ಒಂದು ಸಲ ಕೆಟ್ಟರೆ ಮತ್ತೆ ಮೂಲಕ್ಕೆ ತರುವುದು ಬಹಳ ಕಷ್ಟ.

ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕಿನ ಚುಕ್ಕೆಗಳು ಬಿದ್ದಿದ್ದವು. ಎರಕದ ಕಬ್ಬಿಣವಾದ್ದರಿಂದ ಬೋರ್ ಮಾಡಿಸಬಹುದು. ಇಲ್ಲಿ ಒಂದೇ ಎಚ್ಚರಿಕೆ: ಓವರ್‌ಸೈಜ್ ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಮಾಡಿಸಬೇಡಿ. ಪಿಸ್ಟನ್ನನ್ನು ಅಳೆದು, ಅದಕ್ಕೆ ತಕ್ಕ ಸಂದು ಬಿಟ್ಟು ಬೋರ್ ಮಾಡುವುದೇ ಸರಿಯಾದ ಕ್ರಮ. ಬ್ಯಾಂಟಮ್ಮಿಗೆ ಇಂಗ್ಲೆಂಡಿನಲ್ಲಿ ಇನ್ನೂ ಹೊಸ ಪಿಸ್ಟನ್‌ಗಳು ಸಿಗುತ್ತವೆ. ಅಲ್ಲಿಂದ ತರಿಸಿಕೊಂಡು, ಕುಪವಾಡ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಶಾಪಿನಲ್ಲಿ ಬೋರ್ ಮಾಡಿಸಿದೆವು. ರಿಂಗಿನ ಬಾಯಿ ಪಿಸ್ಟನ್ನಿನ ಗೀರಿನಲ್ಲಿರುವ ಸಣ್ಣ ಮೊಳೆಗೆ ಸರಿಯಾಗಿ ಕೂತಿದೆಯೇ ಎಂದು ಎರಡೆರಡು ಸಲ ನೋಡಿ. ಆ ಮೊಳೆ ಇರುವುದೇ ರಿಂಗು ಸುತ್ತಿ ತಿರುಗಿ ಸಿಲಿಂಡರಿನ ಕಾಲುವೆಯ ಬಾಯಿಗೆ ಸಿಕ್ಕಿ ಮುರಿಯದಿರಲಿ ಎಂದು.

ಕಿಡಿಯ ಕೆಲಸಕ್ಕೆ ಹೆಚ್ಚು ದಿನ ಹಿಡಿಯಿತು. ಗಾಡಿಯಲ್ಲಿರುವುದು ವೈಕೋ-ಪೇಸಿ ಕಂಪನಿಯ ಫ್ಲೈವೀಲ್ ಮ್ಯಾಗ್ನೆಟೊ. ಅದರ ಹೈಟೆನ್ಶನ್ ಕಾಯಿಲಿನಲ್ಲಿ ಕೂದಲಿಗಿಂತ ತೆಳುವಾದ ತಂತಿಯ ಸಾವಿರಾರು ಸುತ್ತು. ತೇವ ಹೊಕ್ಕರೆ ಕಿಡಿ ಪ್ಲಗ್ ತನಕ ಬರದೆ ಒಳಗೇ ಸತ್ತುಹೋಗುತ್ತದೆ. ಮಹಾಪೂರದ ಮುಂದಿನ ವಾರಗಳಲ್ಲಿ ಸಾಂಗ್ಲಿಯ ರಿವೈಂಡಿಂಗ್ ಅಂಗಡಿಗಳ ಮುಂದೆ ನದಿದಂಡೆಯ ಪಂಪ್ ಮೋಟಾರುಗಳು ಸಾಲುಗಟ್ಟಿ ಕೂತಿದ್ದವು. ರೈತನ ಮೋಟಾರು ಮೊದಲು, ಅದು ನ್ಯಾಯವೇ. ಎರಡು ತಿಂಗಳು ಕಾದೆ. ಕಾಯಿಲ್ ಬಿಚ್ಚಿ ಹೊಸದಾಗಿ ಸುತ್ತಿ, ವಾರ್ನಿಷ್ ಹಾಕಿ, ಭಟ್ಟಿಯಲ್ಲಿ ಒಣಗಿಸಿ ಕೊಟ್ಟರು. ಕಂಡೆನ್ಸರನ್ನು ಮಾತ್ರ ಉಳಿಸಿಕೊಳ್ಳಲು ಹೋಗಬೇಡಿ, ಹೊಸದನ್ನೇ ಹಾಕಿ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಹತ್ತು ಕಿಲೋಮೀಟರ್ ಆದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಶುರುವಾಗುವ ಗಾಡಿಯಲ್ಲಿ ಹೆಚ್ಚಾಗಿ ಕೆಟ್ಟಿರುವುದು ಅದೇ, ಇಲ್ಲವೇ ಕಾಯಿಲ್. ಅಂಥ ಗಾಡಿಗೆ ಕಾರ್ಬರೇಟರ್ ಬದಲಿಸಿ ದುಡ್ಡು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಮ್ಯಾಗ್ನೆಟೊದಲ್ಲಿ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟಿನ ಮುಖಗಳು ಕರಕಲಾಗಿದ್ದವು. ಅದನ್ನು ಸರಿಮಾಡುವುದನ್ನು ಹತ್ತಿರದಿಂದ ನೋಡಿದೆ. ಚಾಚಾ ಸಣ್ಣ ಅರವನ್ನು ಒಂದೇ ದಿಕ್ಕಿಗೆ, ಭಾರ ಹಾಕದೆ, ಎರಡು ಸಲ ಎಳೆಯುತ್ತಿದ್ದರು. ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮತ್ತೆ ಒಂದು ಸಲ. ಎರಡು ಮುಖಗಳೂ ಪೂರ್ತಿ ಅಂಗೈಗೆ ಅಂಗೈ ಸೇರಿದ ಹಾಗೆ ಕೂಡಬೇಕು. ಒಂದು ಕಡೆ ಬೆಳಕು ಸೋರಿದರೂ ಮತ್ತೆ ಅರ. ಮಿರಜದ ಸಿತಾರ್‌ಮೇಕರ ಗಲ್ಲಿಯಲ್ಲಿ ತಂಬೂರಿಯ ತಂತಿಗಳು ಕೂರುವ ಘೋಡಿಯನ್ನು ತಿದ್ದಿ ಜವಾರಿ ತೆಗೆಯುವವರೂ ಹೀಗೇ ಮಾಡುತ್ತಾರೆ. ಒಂದು ಸಲ ಅರ ಎಳೆಯುವುದು, ತಂತಿ ಮೀಟಿ ಕೇಳುವುದು, ಮತ್ತೆ ಎಳೆಯುವುದು. ತೆಗೆದದ್ದನ್ನು ಮತ್ತೆ ಕೂಡಿಸಲು ಬರುವುದಿಲ್ಲ ಎಂಬ ಅರಿವು ಇಬ್ಬರ ಕೈಯಲ್ಲೂ ಇದೆ. ಆಮೇಲೆ ಪಾಯಿಂಟಿನ ಗ್ಯಾಪ್ ಹದಿನೈದು ಥೌ, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಹದಿನೈದು. ಪಿಸ್ಟನ್ ಮೇಲ್ತುದಿ ಮುಟ್ಟಲು ಸುಮಾರು 4 ಮಿಲಿಮೀಟರ್ ಇರುವಾಗ ಪಾಯಿಂಟ್ ತೆರೆಯಬೇಕು. ತೆರೆಯುವ ಕ್ಷಣ ಕಣ್ಣಿಗೆ ಕಾಣದು. ಸಿಗರೇಟು ಪಾಕೀಟಿನೊಳಗಿನ ತೆಳು ಕಾಗದವನ್ನು ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ ಫ್ಲೈವೀಲ್ ತಿರುಗಿಸಿ. ಕಾಗದ ಜಾರಿ ಬಂದ ಗಳಿಗೆಯೇ ಕಿಡಿಯ ಗಳಿಗೆ.

ಕ್ಲಚ್ ಪ್ಲೇಟಿನ ಮಾತನ್ನೂ ಹೇಳಬೇಕು. ಡಿ-1ರ ಕ್ಲಚ್ಚಿನಲ್ಲಿ ಹಿಡಿತ ಕೊಡುವುದು ಬೆಂಡಿನ ಬಿಲ್ಲೆಗಳು, ಬಾಟಲಿಗೆ ಹಾಕುವ ಬಿರಡೆಯ ಬೆಂಡೇ. ರಾಡಿ ನೀರು ಕುಡಿದು ಅವು ಉಬ್ಬಿ ಒಡೆದಿದ್ದವು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು, ಪ್ರಯೋಗಶಾಲೆಯ ಬಿರಡೆಗಳು ನೆನಪಾದವು. ಲ್ಯಾಬ್ ಸಾಮಾನಿನ ಅಂಗಡಿಯಿಂದ ಒಳ್ಳೆಯ ಬೆಂಡು ತಂದು, ಬ್ಲೇಡಿನಿಂದ ಕತ್ತರಿಸಿ, ಪ್ಲೇಟಿನ ತೂತುಗಳಿಗೆ ಬಿಗಿಯಾಗಿ ಒತ್ತಿ, ಗಾಜಿನ ಮೇಲೆ ಎಮರಿ ಕಾಗದ ಹಾಸಿ ಸಮ ಮಾಡಿ, ಒಂದು ರಾತ್ರಿ ಎಣ್ಣೆಯಲ್ಲಿ ನೆನೆಹಾಕಿದೆವು. ಎಣ್ಣೆ ಕುಡಿಸದೆ ಕೂರಿಸಿದರೆ ಮೊದಲ ದಿನವೇ ಸುಟ್ಟು ಹೋಗುತ್ತವೆ. ಆ ಕ್ಲಚ್ ಇವತ್ತಿಗೂ ಜಾರಿಲ್ಲ.

ಈಗ ಪೆಟ್ರೋಲಿಗೆ ಬರೋಣ. ಇದು ನಮ್ಮ ಕಬ್ಬಿನ ಸೀಮೆಗೇ ಸೇರಿದ ವಿಷಯ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಇ-20 ಪೆಟ್ರೋಲ್ ಬಿಡುಗಡೆಯಾಯಿತು. 2025ಕ್ಕೆ ದೇಶದ ಬಹುತೇಕ ಬಂಕುಗಳಲ್ಲಿ ಅದೇ. ನೂರು ಲೀಟರಿನಲ್ಲಿ ಇಪ್ಪತ್ತು ಲೀಟರ್ ಎಥನಾಲ್. ಕಬ್ಬು ಬೆಳೆಗಾರನಿಗೆ ಅದರಿಂದ ಲಾಭವಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ 1951ರ ಗಾಡಿಗೆ ಅದು ಗೊತ್ತಿರದ ಊಟ. ಎಥನಾಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಒಳಗಿನಿಂದ ತುಕ್ಕು ಏಳುತ್ತದೆ. ಪೆಟ್ರೋಲ್ ಕಾಕಿನ ಬೆಂಡು ಹಾಗೂ ಹಳೇ ರಬ್ಬರ್ ಪೈಪು ಮೆತ್ತಗಾಗಿ ಸೋರುತ್ತವೆ. ಜೊತೆಗೆ ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ನಾವು ಮಾಡಿದ್ದಿಷ್ಟು: ಕಾಕಿನ ಬೆಂಡು ತೆಗೆದು ನೈಟ್ರೈಲ್ ರಬ್ಬರಿನ ವಾಶರ್ ಹಾಕಿದೆವು, ಪೈಪು ಬದಲಿಸಿದೆವು, ಅಮಾಲ್ ಕಾರ್ಬರೇಟರಿನ ನೀಡಲನ್ನು ಒಂದು ಗೀರು ಮೇಲಕ್ಕೆತ್ತಿದೆವು. ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಕಾಕು ಮುಚ್ಚಿ, ಕಾರ್ಬರೇಟರ್ ಖಾಲಿಯಾಗಿ ಗಾಡಿ ತಾನೇ ನಿಲ್ಲುವವರೆಗೆ ಓಡಿಸುತ್ತೇನೆ. ಟ್ಯಾಂಕನ್ನೂ ಬಸಿದಿಡುತ್ತೇನೆ.

ಎಣ್ಣೆಯ ಲೆಕ್ಕದಲ್ಲಿ ಜಿಪುಣತನ ಬೇಡ. ಹಳೆಯ ಪುಸ್ತಕದಲ್ಲಿ ಇಪ್ಪತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಎಣ್ಣೆ ಎಂದಿದೆ. ಟ್ಯಾಂಕಿನ ಮುಚ್ಚಳಕ್ಕೇ ಅಳತೆಯ ಬಟ್ಟಲು ಕೂಡಿಸಿದ್ದರು. ಈಗಿನ ಟೂ-ಟಿ ಎಣ್ಣೆ ಅಂದಿನದಕ್ಕಿಂತ ಉತ್ತಮ, ಇಪ್ಪತ್ತೈದಕ್ಕೆ ಒಂದು ಸಾಕು. ಅಂದರೆ 5 ಲೀಟರಿಗೆ 200 ಮಿಲಿಲೀಟರ್. ಇನ್ನೊಂದು ಮಾತು, ಈ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲಿ ಮಾತ್ರ. ದಂಡೋಬಾ ಗುಡ್ಡದಂಥ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಗಾಲಿ ತಿರುಗಿಸುತ್ತಿರುವ ಪಿಸ್ಟನ್ನಿಗೆ ಎಣ್ಣೆಯೇ ಇರುವುದಿಲ್ಲ. ಆಗಾಗ ಸ್ವಲ್ಪ ತೆರೆದು ಗುಟುಕು ಕೊಡುತ್ತಿರಬೇಕು.

ನಮ್ಮ ಭಾಗದಲ್ಲಿ ಬ್ಯಾಂಟಮ್ ಅಪರೂಪ. ಹಲವರ ಮನೆಯಲ್ಲಿ ಇರಬಹುದಾದದ್ದು ಅದರ ನೆಂಟ, ಎನ್‌ಫೀಲ್ಡ್ ಶೆರ್ಪಾ. ಬುಲೆಟ್ ತಯಾರಿಸಲು 1955ರಲ್ಲಿ ಮದ್ರಾಸಿನಲ್ಲಿ ಹುಟ್ಟಿದ ಎನ್‌ಫೀಲ್ಡ್ ಇಂಡಿಯಾ ಕಂಪನಿ, 1963ರಲ್ಲಿ ಇಂಗ್ಲೆಂಡಿನ ವಿಲಿಯರ್ಸ್ ಮಾದರಿಯ 173 ಸಿಸಿ ಟೂ-ಸ್ಟ್ರೋಕ್ ಎಂಜಿನ್ ಹಾಕಿ ಶೆರ್ಪಾ ತಂದಿತು. ಮುಂದೆ ಅದೇ ಕ್ರುಸೇಡರ್ ಆಯಿತು. ಬುಲೆಟ್ಟಿನ ಸದ್ದಿನಲ್ಲಿ ಈ ಹಗುರ ಗಾಡಿಯನ್ನು ಜನ ಮರೆತಿದ್ದಾರೆ. ಮೇಲೆ ಹೇಳಿದ ಸೀಲು, ಪಾಯಿಂಟ್, ಪೆಟ್ರೋಲಿನ ಮಾತುಗಳೆಲ್ಲ ಶೆರ್ಪಾಕ್ಕೂ ಸಲ್ಲುತ್ತವೆ. ಅಳತೆಗಳು ಮಾತ್ರ ಬೇರೆ.

ಮೊದಲ ಮೆಕ್ಯಾನಿಕ್ ಹೇಳಿದಂತೆ ಬೇರೆ ಎಂಜಿನ್ ಕೂರಿಸಿದ್ದರೆ ಏನಾಗುತ್ತಿತ್ತು? ಗಾಡಿ ಓಡುತ್ತಿತ್ತು. ಆದರೆ ಕಾನೂನಿನ ಕಣ್ಣಲ್ಲಿ ಅದು ಹಳೇ ಗಾಡಿಯಾಗಿ ಉಳಿಯುತ್ತಿರಲಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಎ’ ಸರಣಿಯ ನಂಬರು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಮೇಲೆ ಮರುನೋಂದಣಿಗೆ 5,000. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಾಸಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಮಾಡಿದ್ದರೆ ಈ ಸೌಲಭ್ಯವಿಲ್ಲ. ಆದ್ದರಿಂದ ಎಂಜಿನ್ ಮತ್ತು ಫ್ರೇಮಿನ ಮೇಲಿನ ನಂಬರುಗಳು ಪ್ರಾಣವಿದ್ದಂತೆ. ಪಾಲಿಶ್ ಮಾಡಿಸುವಾಗ, ಬಣ್ಣ ಹೊಡೆಸುವಾಗ ಅವುಗಳ ಮೇಲೆ ಟೇಪು ಅಂಟಿಸಿ. ಹಳೇ ಆರ್‌ಸಿ ಪುಸ್ತಕ ಗೆದ್ದಲು ತಿಂದಿದ್ದರೂ ಎಸೆಯಬೇಡಿ. ಅಜ್ಜನ ಪುಸ್ತಕ ಅಜ್ಜಿಯ ಪೆಟ್ಟಿಗೆಯಲ್ಲಿ, ಅಟ್ಟದ ಮೇಲೆ ಇದ್ದುದರಿಂದ ಪೂರದ ನೀರಿನಿಂದ ಪಾರಾಯಿತು.

ಹದಿನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ, ಚಾಚಾ ಅವರ ಗ್ಯಾರೇಜಿನ ಮುಂದೆ, ಮೂರನೇ ಕಿಕ್ಕಿಗೆ ಗಾಡಿ ಎದ್ದಿತು. ಮೊದಲು ಹೊಗೆ, ಆಮೇಲೆ ಆ ಸದ್ದು. ನನ್ನ ಮಾವನಿಗೆ ಎಂಬತ್ತರ ಮೇಲೆ ವಯಸ್ಸು. ಅವನು ಏನೂ ಮಾತಾಡಲಿಲ್ಲ, ಟ್ಯಾಂಕಿನ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. ಹೊಸ ಪಿಸ್ಟನ್ನಾದ್ದರಿಂದ ಮೊದಲ ಐನೂರು ಕಿಲೋಮೀಟರ್ ಗಂಟೆಗೆ ಮೂವತ್ತೈದು ದಾಟಿಸಲಿಲ್ಲ. ಮಿರಜದಿಂದ ಮ್ಹೈಸಾಳ ದಾಟಿ ಕಾಗವಾಡದತನಕ, ಅಜ್ಜ ಹೋಗುತ್ತಿದ್ದ ಅದೇ ದಾರಿಯಲ್ಲಿ, ಭಾನುವಾರ ಮುಂಜಾನೆ ಬಿಸಿಲೇರುವ ಮುಂಚೆ ಹೋಗಿಬರುತ್ತಿದ್ದೆ. 2021ರ ಜುಲೈಯಲ್ಲಿ ಮತ್ತೆ ಪೂರ ಬಂದಾಗ ಮಾವ ಮೊದಲು ಫೋನು ಮಾಡಿ ಕೇಳಿದ್ದು, ಗಾಡಿ ಮಿರಜದಲ್ಲೇ ಇದೆಯಲ್ಲ ಎಂದು.

ನಿಮ್ಮ ಮನೆಯ ಹಿತ್ತಲಿನಲ್ಲೋ ದನದ ಕೊಟ್ಟಿಗೆಯಲ್ಲೋ ಇಂಥದೊಂದು ಗಾಡಿ ನಿಂತಿದ್ದರೆ, ದಯವಿಟ್ಟು ಕಿಕ್ ಹೊಡೆಯಬೇಡಿ, ಮಕ್ಕಳಿಗೂ ಹೊಡೆಯಲು ಬಿಡಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ ತೆಳು ಎಣ್ಣೆ ಬಿಟ್ಟು, ಬಟ್ಟೆಯಿಂದ ಬಾಯಿ ಮುಚ್ಚಿ ಒಂದು ವಾರ ಸುಮ್ಮನಿರಿ. ಆ ವಾರದಲ್ಲಿ ನಿಮ್ಮ ಊರಿನ ಹಳೆಯ ಮಿಸ್ತ್ರಿಯನ್ನು ಹುಡುಕಿ. ಅಂಥವರು ಇನ್ನೂ ಇದ್ದಾರೆ, ಆದರೆ ನಮ್ಮ ಚಾಚಾ ಅವರ ಗ್ಯಾರೇಜಿನಲ್ಲಿ ಈಗ ಪಾಯಿಂಟಿಗೆ ಅರ ಹಿಡಿಯಲು ಬರುವುದು ಅವರೊಬ್ಬರಿಗೇ.